ಬಾಯಿ ವಾಸನೆನಾ, ಉಸಿರು ವಾಸನೆನಾ? ಪದ ಬೇಕಿತ್ತು

ಎಲ್ಲರಿಗೂ ನಮಸ್ಕಾರ. ಪರಿಚಯದ ಡೆಂಟಿಸ್ಟ್ ಒಬ್ರು ಕ್ಲಿನಿಕ್ಕಲ್ಲಿ ಹಂಚೋಕೆ ಹ್ಯಾಲಿಟೋಸಿಸ್ (ಬಾಯಿಂದ ಕೆಟ್ಟ ವಾಸನೆ ಬರೋದು) ಬಗ್ಗೆ ಕನ್ನಡದಲ್ಲಿ ಒಂದು ಕರಪತ್ರ ಮಾಡ್ಕೊಡಿ ಅಂದಿದಾರೆ, ನಾನು ತಲೆಬರಹದಲ್ಲೇ ಸಿಕ್ಕಾಕೊಂಡಿದೀನಿ. ಅವ್ರ ಕಡೆಯಿಂದ ಬಂದ ಡ್ರಾಫ್ಟಲ್ಲಿ "ಮುಖದೌರ್ಗಂಧ್ಯ" ಅಂತಿದೆ. ಆಯುರ್ವೇದದೋರು ಬಳಸೋ ಪದಾನೇ, ಆದ್ರೆ ಸಂಸ್ಕೃತದಲ್ಲಿ ಮುಖ ಅಂದ್ರೆ ಬಾಯಿನೂ ಹೌದು, ನಮ್ಮ ಮಾತಲ್ಲಿ ಬರೀ ಮೋರೆ. ಓದಿದೋರು ಸೋಪು ಹಚ್ಚಿ ಮುಖ ತೊಳ್ಕೊಂಡ್ರೆ ಸರಿಹೋಗುತ್ತೆ ಅಂದ್ಕೊಂಡ್ರೆ ಅವ್ರ ತಪ್ಪೇನಿಲ್ಲ.

"ಬಾಯಿ ನಾತ" ಅಂತ ಬರೆದ್ರೆ ಬೈದ ಹಾಗಾಗುತ್ತೆ, ಕಾಯ್ತಾ ಕೂತೋರು ಎದ್ದು ಹೋಗ್ತಾರೆ. ನನ್ನ ಓಟು "ಬಾಯಿ ವಾಸನೆ"ಗೆ, "ದುರ್" ಸೇರಿಸೋ ಅಗತ್ಯನೂ ಇಲ್ಲ, ಯಾಕಂದ್ರೆ "ಏನೋ ವಾಸ್ನೆ ಬರ್ತಿದೆ ಕಣೇ" ಅಂದ್ರೆ ಯಾರೂ ಮಲ್ಲಿಗೆ ಹುಡುಕೋಕೆ ಹೋಗಲ್ಲ. (ಈ ಪದಗಳ ಹಣೆಬರಹನೇ ಹಂಗೆ, ನಮ್ಮ ಕಂಪು ತೆಲುಗಿಗೆ ಹೋದ್ರೆ ಗಬ್ಬು, ತಮಿಳಿನ ನಾಟ್ರಂ ಹಳೇ ಕಾವ್ಯದಲ್ಲಿ ಸುವಾಸನೆ, ಇವತ್ತು ಮೂಗು ಮುಚ್ಕೊಳ್ಳೋ ವಾಸನೆ.)

ನಿಜವಾದ ತೊಡಕು ಬೇರೆ ಇದೆ. ಡಾಕ್ಟ್ರು ಹೇಳೋ ಪ್ರಕಾರ ಹೆಚ್ಚಿನ ಕೇಸಲ್ಲಿ ವಾಸನೆ ಹುಟ್ಟೋದು ಬಾಯಲ್ಲೇ, ಜನ ಅಂದ್ಕೊಳ್ಳೋ ಹಾಗೆ ಹೊಟ್ಟೇಲಲ್ಲ. ನಾಲಿಗೆಯ ಹಿಂಭಾಗ, ಹಲ್ಲಿನ ಸಂದಿ, ವಸಡು ಬಿಟ್ಕೊಂಡಿರೋ ಜಾಗ, ಇಂಥಾ ಗಾಳಿ ಆಡದ ಕಡೆ ಇರೋ ಬ್ಯಾಕ್ಟೀರಿಯಾ ಅಲ್ಲಿ ಸಿಕ್ಕಿರೋ ಅನ್ನದ ಚೂರು, ಸತ್ತ ಜೀವಕೋಶ ಎಲ್ಲದರ ಪ್ರೋಟೀನ್ ಒಡೆದು ಗಂಧಕದ ಗ್ಯಾಸ್ ಬಿಡ್ತವೆ, ಅದ್ರಲ್ಲಿ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆ ವಾಸನೇದು, ಇನ್ನೊಂದು ಮೀಥೈಲ್ ಮರ್ಕ್ಯಾಪ್ಟಾನ್. ನಿದ್ದೇಲಿ ಜೊಲ್ಲು ಕಮ್ಮಿ ಆಗೋದ್ರಿಂದ ಬೆಳಗ್ಗೆ ಎದ್ದಾಗ ಎಲ್ಲರಿಗೂ ಇರುತ್ತೆ, ಅದು ಕಾಯಿಲೆ ಅಲ್ಲ. ಇಷ್ಟಕ್ಕೆ "ಬಾಯಿ ವಾಸನೆ" ಅಳತೆ ತಗೊಂಡು ಹೊಲಿದ ಹಾಗಿದೆ. ಇಂಗ್ಲಿಷಿನೋರು "ಬ್ಯಾಡ್ ಬ್ರೆತ್" ಅಂತ ಸುಮ್ನೆ ಉಸಿರಿನ ಮೇಲೆ ತಪ್ಪು ಹಾಕ್ತಾರೆ. ಹ್ಯಾಲಿಟೋಸಿಸ್ ಅನ್ನೋದೂ ಲ್ಯಾಟಿನ್ ಉಸಿರಿಗೆ ಗ್ರೀಕ್ ಬಾಲ ಅಂಟಿಸಿದ್ದು, 1879ರಲ್ಲಿ ಆಪರೇಷನ್ ಮಾಡೋರಿಗೆ ಅಂತ ತಯಾರಾದ ಲಿಸ್ಟರೀನ್ ಅನ್ನೋ ಕ್ರಿಮಿನಾಶಕನ 1920ರ ದಶಕದಲ್ಲಿ ಮೌತ್‌ವಾಷ್ ಅಂತ ಮನೆಮನೆಗೆ ಮಾರೋಕೆ ಹೊರಟ ಜಾಹೀರಾತಿನೋರು ಆ ಪದನ ಊರೆಲ್ಲಾ ಹಬ್ಬಿಸಿದ್ರು.

ಆದ್ರೆ ನಿಜವಾಗ್ಲೂ ಉಸಿರಿಂದಲೇ ಬರೋದೂ ಉಂಟು. ಬೆಳ್ಳುಳ್ಳಿ ತಿಂದ್ರೆ ಅದರ ಅಂಶ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಹೊರಗೆ ಬರುತ್ತೆ, ಎಷ್ಟು ಬ್ರಷ್ ಮಾಡಿದ್ರೂ ಪೂರ್ತಿ ಹೋಗಲ್ಲ. ಸಕ್ಕರೆ ಕಾಯಿಲೆ ಕೈಮೀರಿ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗಿದಾಗ ಹುಟ್ಟೋ ವಸ್ತು) ಏರಿದಾಗ ಕಳಿತ ಹಣ್ಣಿನ ಥರ ವಾಸನೆ, ಕಿಡ್ನಿ ಕೈಕೊಟ್ಟಾಗ ಅಮೋನಿಯಾ ವಾಸನೆ, ಇವು ಡೆಂಟಿಸ್ಟ್ ಹತ್ರ ಅಲ್ಲ, ಫಿಸಿಶಿಯನ್ ಹತ್ರ ಓಡಬೇಕಾದವು. ಪತ್ತೆ ಮಾಡೋ ರೀತಿ ಏನೂ ದೊಡ್ಡದಲ್ಲ. ಮೂಗು ಹಿಡ್ಕೊಂಡು ಬಾಯಲ್ಲಿ ಉಸಿರು ಬಿಡಿ ಅಂತಾರೆ, ಆಮೇಲೆ ಬಾಯಿ ಮುಚ್ಚಿ ಮೂಗಲ್ಲಿ, ಎರಡು ಸಲನೂ ಡಾಕ್ಟ್ರೇ ಹತ್ರ ಬಂದು ಮೂಸ್ತಾರೆ (ಪಾಪ). ಬಾಯಿಂದ ಮಾತ್ರ ಬಂದ್ರೆ ಬಾಯಿದು, ಮೂಗಿಂದ ಮಾತ್ರ ಆದ್ರೆ ಸೈನಸ್ಸೋ ಏನೋ, ಎರಡರಲ್ಲೂ ಒಂದೇ ಥರ ಇದ್ರೆ ಒಳಗಿನದು. ಈ ಒಳಗಿನದಕ್ಕೆ "ಉಸಿರು ವಾಸನೆ" ಅಂತ ಬೇರೆ ಹೆಸರಿಟ್ಟು, ಕರಪತ್ರದಲ್ಲಿ ಎರಡನ್ನೂ ಬೇರೆ ಬೇರೆ ಮಾಡಿ ತೋರ್ಸೋಣ ಅಂತ ನನ್ನ ಆಸೆ. ಓದೋರಿಗೆ ವ್ಯತ್ಯಾಸ ತಟ್ಟುತ್ತಾ, ಇಲ್ಲ ಎರಡೂ ಒಂದೇ ಅನ್ಸುತ್ತಾ?

ಇನ್ನೊಂದು ಗಂಟು ಪಾಚಿದು. ಹಲ್ಲಿನ ಮೇಲೆ ದಿನಾ ಕೂರೋ ಮೆತ್ತನೆ ಪದರಕ್ಕೂ ಪಾಚಿ ಅಂತೀವಿ, ಅದೇ ಗಟ್ಟಿಯಾಗಿ ಹಳದಿ ಕಟ್ಟಿ ಕೂತಿದ್ದಕ್ಕೂ ಪಾಚಿನೇ. ಮೊದಲನೇದು ಬ್ರಷ್ಷಿಗೆ ಹೋಗುತ್ತೆ, ಎರಡನೇದಕ್ಕೆ ಕ್ಲೀನಿಂಗ್ ಮಾಡಿಸ್ಲೇಬೇಕು. ಒಂದೇ ಪದ ಇಟ್ರೆ ಜನ ಇನ್ನೂ ಜೋರಾಗಿ ಉಜ್ಜಿ ವಸಡು ಕಿತ್ಕೋತಾರೆ. "ಪಾಚಿ", "ಕಲ್ಲುಪಾಚಿ" ಅಂತ ಮಾಡ್ಬೋದಾ? ಮೌತ್‌ವಾಷಿಗೆ "ಬಾಯಿ ಮುಕ್ಕಳಿಸೋ ಔಷಧಿ" ಸಾಕು, ಅದ್ರ ಬಗ್ಗೆ ಚರ್ಚೆ ಬೇಡ. ಕ್ಲೋರ್‌ಹೆಕ್ಸಿಡಿನ್ ಅನ್ನೋ ಕ್ರಿಮಿನಾಶಕ ಇರೋದನ್ನ ಡಾಕ್ಟ್ರು ಹೇಳಿದಷ್ಟು ದಿನ ಮಾತ್ರ ಬಳಸಿ, ಜಾಸ್ತಿ ದಿನ ಆದ್ರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತೆ ಅಂತ ಒಂದು ಸಾಲು ಹಾಕ್ತಿದೀನಿ ಅಷ್ಟೇ.

ಕೊನೇದಾಗಿ, ನಾಲಿಗೆ ಮೇಲಿನ ಆ ಬಿಳಿ ಪದರಕ್ಕೆ ನಿಮ್ಮ ಕಡೆ ಏನಂತಾರೆ? ಅದನ್ನ ಹಿಂದಿನಿಂದ ಮುಂದಕ್ಕೆ ಎಳೆದು ತೆಗೆಯೋ ತಾಮ್ರದ ಪಟ್ಟಿಗೆ? ನಮ್ಮನೇಲಿ ಎಲ್ರೂ ಟಂಗ್ ಕ್ಲೀನರ್ ಅಂತೀವಿ. ಧಾರವಾಡ, ಕಲಬುರಗಿ, ಮಂಗಳೂರು ಕಡೆಯೋರು ಮನೇಲಿ ಹಿರಿಯರನ್ನ ಕೇಳಿ ಹೇಳಿದ್ರೆ ಉಪಕಾರ ಆಗುತ್ತೆ, ಪ್ರಿಂಟಿಗೆ ಕೊಡೋಕೆ ಇನ್ನೂ ಒಂದು ವಾರ ಟೈಮಿದೆ.