ಜ್ಯಾಂಗೋ ಫಾರ್ಮ್: ಡ್ರಾಪ್‌ಡೌನ್‌ನಲ್ಲಿ ಹೋಬಳಿ ಹೆಸರಿನ ಬದಲು ‘ಹೋಬ್ಳಿ ಆಬ್ಜೆಕ್ಟ್ (1)’ ಅಂತ ಬರುತ್ತಿದೆ

ಕೊಬ್ಬರಿ_ಕೋಡು:
ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ತೆಂಗು ಬೆಳೆಗಾರರ ಗುಂಪಿಗೆ ಸದಸ್ಯರ ನೋಂದಣಿ ಫಾರ್ಮ್ ಮಾಡುತ್ತಿದ್ದೇನೆ. ಜ್ಯಾಂಗೋ 4.2 (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್), ಪೋಸ್ಟ್‌ಗ್ರೆಸ್ ಡೇಟಾಬೇಸ್. ಜಿಲ್ಲೆ, ತಾಲ್ಲೂಕು, ಹೋಬಳಿ ಅಂತ ಮೂರು ಮಾಡೆಲ್ (ಒಂದೊಂದು ಟೇಬಲ್‌ಗೆ ಒಂದು ಕ್ಲಾಸ್) ಇವೆ. ಹೋಬಳಿಗೆ ತಾಲ್ಲೂಕಿನ ಫಾರಿನ್ ಕೀ (ಇನ್ನೊಂದು ಟೇಬಲ್‌ನ ಸಾಲಿಗೆ ಕೊಂಡಿ), ತಾಲ್ಲೂಕಿಗೆ ಜಿಲ್ಲೆಯ ಫಾರಿನ್ ಕೀ. ಸದಸ್ಯರ ಮಾಡೆಲ್‌ಫಾರ್ಮ್ (ಮಾಡೆಲ್‌ನಿಂದಲೇ ತಯಾರಾಗುವ ಫಾರ್ಮ್) ತೆರೆದರೆ ಹೋಬಳಿ ಡ್ರಾಪ್‌ಡೌನ್ ಪೂರ್ತಿ ‘ಹೋಬ್ಳಿ ಆಬ್ಜೆಕ್ಟ್ (1)’, ‘ಹೋಬ್ಳಿ ಆಬ್ಜೆಕ್ಟ್ (2)’ ಅಂತಲೇ ಇದೆ. ಡೇಟಾಬೇಸ್‌ನಲ್ಲಿ ಹೆಸರುಗಳು ಸರಿಯಾಗೇ ಕೂತಿವೆ. ಏನು ಮಾಡಬೇಕು?

ಬೈಟು_ಕಾಫಿ:
ಮಾಡೆಲ್‌ನಲ್ಲಿ __ಎಸ್‌ಟಿಆರ್__ ಮೆಥಡ್ (ಆಬ್ಜೆಕ್ಟನ್ನು ಪಠ್ಯವಾಗಿ ತೋರಿಸುವುದು) ಬರೆದಿಲ್ಲ ಅನ್ಸುತ್ತೆ. ಅದು ಇಲ್ಲದಿದ್ದರೆ ಜ್ಯಾಂಗೋ ಮಾಡೆಲ್ ಹೆಸರು, ‘ಆಬ್ಜೆಕ್ಟ್’, ಬ್ರ್ಯಾಕೆಟ್‌ನಲ್ಲಿ ಪ್ರೈಮರಿ ಕೀ (ಆ ಸಾಲಿನ ಐಡಿ), ಇಷ್ಟನ್ನು ಜೋಡಿಸಿ ತೋರಿಸುತ್ತದೆ. ಸೆಲ್ಫ್.ನೇಮ್ ರಿಟರ್ನ್ ಮಾಡಿ ನೋಡಿ, ಆಯ್ತು.

ಕೊಬ್ಬರಿ_ಕೋಡು:
ಥ್ಯಾಂಕ್ಸ್ ಗುರು, ಹೆಸರು ಬಂತು. ಆದರೆ ಈಗ ‘ಕಸಬಾ’, ‘ಕಸಬಾ’, ‘ಕಸಬಾ’ ಅಂತ ಸಾಲಾಗಿ ನಿಂತಿವೆ. ತಿಪಟೂರಿನದು ಯಾವುದು, ಅರಸೀಕೆರೆಯದು ಯಾವುದು ಗೊತ್ತಾಗುವುದಿಲ್ಲ. ನಮ್ಮ ಸದಸ್ಯರು ಎರಡೂ ಕಡೆ ಇದ್ದಾರೆ.

ಬೈಟು_ಕಾಫಿ:
ಹ್ಹಹ್ಹ, ಬಹುತೇಕ ತಾಲ್ಲೂಕುಗಳಲ್ಲಿ ಒಂದು ಕಸಬಾ ಹೋಬಳಿ ಇದ್ದೇ ಇರುತ್ತದಲ್ವಾ! ಹಾಗಾದರೆ __ಎಸ್‌ಟಿಆರ್__ ಒಳಗೇ ತಾಲ್ಲೂಕು, ಜಿಲ್ಲೆ ಹೆಸರನ್ನೂ ಸೇರಿಸಿಬಿಡಿ.

ಕೊಬ್ಬರಿ_ಕೋಡು:
ಸೇರಿಸಿದೆ. ‘ಕಸಬಾ, ತಿಪಟೂರು, ತುಮಕೂರು’ ಅಂತ ಚೆನ್ನಾಗಿ ಬರುತ್ತಿದೆ. ಆದರೆ ಪೇಜ್ ತೆರೆಯಲು ಈಗ ತುಂಬ ಹೊತ್ತು ಹಿಡಿಯುತ್ತಿದೆ. ಡೀಬಗ್ ಟೂಲ್‌ಬಾರ್ ನೋಡಿದರೆ 1400ಕ್ಕೂ ಜಾಸ್ತಿ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ)!

ಮೈಸೂರ್_ಪಾಕ್:
ಸುಮ್ನೆ ಫಾರ್ಮ್ ಕ್ಲಾಸ್ ಒಳಗೆ ಚಾಯ್ಸ್‌ಫೀಲ್ಡ್ ಇಟ್ಟು, ಎಲ್ಲ ಹೋಬಳಿಗಳ ಮೇಲೆ ಒಂದು ಲೂಪ್ ಓಡಿಸಿ ಐಡಿ ಮತ್ತು ಹೆಸರಿನ ಲಿಸ್ಟ್ ಮಾಡಿಕೊಡಿ. ಒಂದೇ ಸಲ ಓಡುತ್ತದೆ. ನಾನು ಯಾವಾಗಲೂ ಹಾಗೇ ಮಾಡುವುದು.

ಹಳೇ_ಸರ್ವರ್:
ಮೈಸೂರ್_ಪಾಕ್ ಅವರೇ, ಒಂದೇ ಸಲ ಓಡುವುದೇ ಅಲ್ಲಿನ ತೊಂದರೆ. ಕ್ಲಾಸ್ ಒಳಗಿನ ಲಿಸ್ಟ್ ಆ ಫೈಲ್ ಇಂಪೋರ್ಟ್ ಆಗುವಾಗಲೇ ತಯಾರಾಗುತ್ತದೆ. ಆಮೇಲೆ ಅಡ್ಮಿನ್‌ನಲ್ಲಿ ಹೊಸ ಹೋಬಳಿ ಸೇರಿಸಿದರೆ, ಸರ್ವರ್ ರೀಸ್ಟಾರ್ಟ್ ಮಾಡುವ ತನಕ ಫಾರ್ಮ್‌ನಲ್ಲಿ ಕಾಣುವುದಿಲ್ಲ. ಹೊಸ ಯಂತ್ರದಲ್ಲಿ ಖಾಲಿ ಡೇಟಾಬೇಸ್ ಇಟ್ಟುಕೊಂಡು ಮೈಗ್ರೇಟ್ (ಟೇಬಲ್‌ಗಳನ್ನು ಕಟ್ಟುವ ಕಮಾಂಡ್) ಓಡಿಸಿದರೆ ‘ಟೇಬಲ್ಲೇ ಇಲ್ಲ’ ಅಂತ ಅಲ್ಲೇ ಬೀಳುತ್ತದೆ. ಅದೂ ಅಲ್ಲದೆ ಚಾಯ್ಸ್‌ಫೀಲ್ಡ್ ವಾಪಸ್ ಕೊಡುವುದು ಬರೀ ಸ್ಟ್ರಿಂಗ್. ಮಾಡೆಲ್‌ಚಾಯ್ಸ್‌ಫೀಲ್ಡ್ ಆದರೆ ಕ್ಲೀನ್ಡ್_ಡೇಟಾದಲ್ಲಿ (ಫಾರ್ಮ್ ಪರಿಶೀಲಿಸಿ ಕೊಡುವ ಡೇಟಾ) ಹೋಬಳಿಯ ಆಬ್ಜೆಕ್ಟೇ ಸಿಗುತ್ತದೆ.

ಕೊಬ್ಬರಿ_ಕೋಡು, ನಿಮ್ಮಲ್ಲಿ ಆಗುತ್ತಿರುವುದು ಇಷ್ಟು. ಎಚ್‌ಟಿಎಂಎಲ್ ಸೆಲೆಕ್ಟ್‌ಗೆ ಆಬ್ಜೆಕ್ಟ್ ಅಂದರೇನು ಅಂತ ಗೊತ್ತೇ ಇಲ್ಲ. ಒಂದೊಂದು ಆಪ್ಷನ್‌ಗೂ ಎರಡೇ ಪಠ್ಯ: ಸರ್ವರ್‌ಗೆ ಹೋಗುವ ವ್ಯಾಲ್ಯೂ, ಕಣ್ಣಿಗೆ ಕಾಣುವ ಲೇಬಲ್. ಜ್ಯಾಂಗೋ ವ್ಯಾಲ್ಯೂಗೆ ಪ್ರೈಮರಿ ಕೀ ಹಾಕುತ್ತದೆ, ಲೇಬಲ್‌ಗೆ __ಎಸ್‌ಟಿಆರ್__ ಕರೆಯುತ್ತದೆ. ನಿಮ್ಮ __ಎಸ್‌ಟಿಆರ್__ ತಾಲ್ಲೂಕನ್ನು ಕೇಳುತ್ತದೆ, ಒಂದು ಕ್ವೆರಿ. ಜಿಲ್ಲೆಯನ್ನು ಕೇಳುತ್ತದೆ, ಇನ್ನೊಂದು. ರಾಜ್ಯದ ಹೋಬಳಿಗಳೆಲ್ಲ ಪಟ್ಟಿಯಲ್ಲಿವೆ, ಅಷ್ಟು ಸಲ ಎರಡೆರಡು. ಒಂದೊಂದು ಮೆಣಸಿನಕಾಯಿಗೂ ಬೇರೆಬೇರೆ ಸಲ ಅಂಗಡಿಗೆ ಹೋದ ಹಾಗೆ.

ಸರಿಮಾಡುವುದು ಸುಲಭ. ಫಾರ್ಮ್‌ನಲ್ಲಿ ಹೋಬಳಿ ಫೀಲ್ಡಿನ ಕ್ವೆರಿಸೆಟ್‌ಗೆ (ಯಾವ ಸಾಲುಗಳು ಬೇಕು ಅನ್ನುವ ಪಟ್ಟಿ) ಸೆಲೆಕ್ಟ್_ರಿಲೇಟೆಡ್ ಹಾಕಿ, ಒಳಗೆ ತಾಲ್ಲೂಕು, ಎರಡು ಅಂಡರ್‌ಸ್ಕೋರ್, ಜಿಲ್ಲೆ. ಮೂರೂ ಟೇಬಲ್ ಜಾಯಿನ್ ಆಗಿ ಒಂದೇ ಕ್ವೆರಿಯಲ್ಲಿ ಬರುತ್ತವೆ. ಜೊತೆಗೆ ಆರ್ಡರ್_ಬೈ ಕೊಡಿ: ಜಿಲ್ಲೆ ಹೆಸರು, ತಾಲ್ಲೂಕು ಹೆಸರು, ಆಮೇಲೆ ಹೋಬಳಿ.

ಆದರೆ ಇಷ್ಟುದ್ದದ ಲೇಬಲ್ಲನ್ನು __ಎಸ್‌ಟಿಆರ್__ ಒಳಗೆ ಇಡುವುದು ನನಗೆ ಇಷ್ಟವಿಲ್ಲ. ಅದು ಶೆಲ್, ಲಾಗ್, ಟೆಂಪ್ಲೇಟ್ ಎಲ್ಲ ಕಡೆ ಓಡುತ್ತದೆ. ಎಲ್ಲ ಕಡೆಯೂ ಸೆಲೆಕ್ಟ್_ರಿಲೇಟೆಡ್ ನೆನಪಿಟ್ಟು ಹಾಕುತ್ತೀರಾ? ಡ್ರಾಪ್‌ಡೌನ್‌ನಲ್ಲಿ ಹೇಗೆ ಕಾಣಬೇಕು ಅನ್ನುವುದು ಫಾರ್ಮಿನ ಕೆಲಸ, ಮಾಡೆಲ್‌ದಲ್ಲ. ಮಾಡೆಲ್‌ಚಾಯ್ಸ್‌ಫೀಲ್ಡ್‌ನಿಂದ ಒಂದು ಸಣ್ಣ ಸಬ್‌ಕ್ಲಾಸ್ ಮಾಡಿ, ಅದರಲ್ಲಿ ಲೇಬಲ್_ಫ್ರಮ್_ಇನ್‌ಸ್ಟೆನ್ಸ್ ಅನ್ನುವ ಮೆಥಡ್ ಬರೆಯಿರಿ. ಅದಕ್ಕೆ ಒಂದು ಹೋಬಳಿ ಆಬ್ಜೆಕ್ಟ್ ಬರುತ್ತದೆ, ನೀವು ಬೇಕಾದ ಸ್ಟ್ರಿಂಗ್ ಕೊಟ್ಟರೆ ಸಾಕು. ಒಂದು ಎಚ್ಚರ: ಫೀಲ್ಡನ್ನು ಹೀಗೆ ಕೈಯಾರೆ ಬರೆದಾಗ ಮಾಡೆಲ್‌ನಲ್ಲಿ ಬ್ಲ್ಯಾಂಕ್ ಟ್ರೂ ಅಂತಿದ್ದರೂ ಫಾರ್ಮ್ ಅದನ್ನು ನೋಡುವುದಿಲ್ಲ. ಹೋಬಳಿ ಕಡ್ಡಾಯವಲ್ಲ ಅಂತಾದರೆ ರಿಕ್ವೈರ್ಡ್ ಫಾಲ್ಸ್ ಅಂತ ನೀವೇ ಹಾಕಬೇಕು.

ಕೊಬ್ಬರಿ_ಕೋಡು:
ಸರ್, ಪೇಜ್ ಈಗ ತಕ್ಷಣ ತೆರೆಯುತ್ತಿದೆ! ಆದರೂ ಫೋನಿನಲ್ಲಿ ಅಷ್ಟು ಉದ್ದದ ಪಟ್ಟಿ ಎಳೆಯುವುದು ಕಷ್ಟ. ಹಾಗಾಗಿ 31 ಜಿಲ್ಲೆ ಮೊದಲು, ಅದನ್ನು ಆರಿಸಿದರೆ ತಾಲ್ಲೂಕು, ಆಮೇಲೆ ಹೋಬಳಿ ಅಂತ ಜಾವಾಸ್ಕ್ರಿಪ್ಟ್‌ನಲ್ಲಿ ತುಂಬಿಸಿದೆ. ಮೊದಲಿಗೆ ಪಟ್ಟಿ ಖಾಲಿ ಇರಲಿ ಅಂತ ಹೋಬಳಿ ಕ್ವೆರಿಸೆಟ್‌ಗೆ ನನ್() ಕೊಟ್ಟಿದ್ದೇನೆ. ಪರದೆಯಲ್ಲಿ ಎಲ್ಲ ಸರಿ. ಸಬ್ಮಿಟ್ ಮಾಡಿದರೆ ‘ಸೆಲೆಕ್ಟ್ ಎ ವ್ಯಾಲಿಡ್ ಚಾಯ್ಸ್’ ಅಂತ ಬೈಯುತ್ತದೆ. ನಾನು ಆರಿಸಿದ್ದು ಪಟ್ಟಿಯಲ್ಲೇ ಇತ್ತು!

ಹಳೇ_ಸರ್ವರ್:
ಬ್ರೌಸರ್‌ನ ಪಟ್ಟಿಯಲ್ಲಿ ಇತ್ತು. ಸರ್ವರ್ ನೋಡುವುದು ಫೀಲ್ಡಿನ ಕ್ವೆರಿಸೆಟ್ಟನ್ನು, ಅದು ಖಾಲಿ. ಬಂದ ಐಡಿಯನ್ನು ಅಲ್ಲಿ ಹುಡುಕುತ್ತದೆ, ಸಿಗುವುದಿಲ್ಲ, ತಿರಸ್ಕರಿಸುತ್ತದೆ. ಅದು ಒಳ್ಳೆಯದೇ. ಯಾರಾದರೂ ಬ್ರೌಸರ್‌ನಲ್ಲಿ ವ್ಯಾಲ್ಯೂ ತಿದ್ದಿ ಏನೋ ಒಂದನ್ನು ಕಳಿಸಿದರೆ ತಡೆಯುವುದು ಇದೇ.

ಫಾರ್ಮಿನ __ಇನಿಟ್__ ಒಳಗೆ ಹೀಗೆ ಮಾಡಿ. ಸೆಲ್ಫ್.ಡೇಟಾದಲ್ಲಿ (ಸಬ್ಮಿಟ್ ಆಗಿ ಬಂದ ಡೇಟಾ) ತಾಲ್ಲೂಕು ಇದೆಯಾ ನೋಡಿ. ಇದ್ದರೆ ಹೋಬಳಿ ಕ್ವೆರಿಸೆಟ್ಟನ್ನು ಆ ತಾಲ್ಲೂಕಿಗೆ ಫಿಲ್ಟರ್ ಮಾಡಿ. ಬಂದದ್ದನ್ನು ಮೊದಲು ಇಂಟ್‌ಗೆ ಬದಲಿಸಿ, ಅದನ್ನು ಟ್ರೈ-ಎಕ್ಸೆಪ್ಟ್ ಒಳಗಿಡಿ. ಹೊರಗಿನಿಂದ ‘ಎಬಿಸಿ’ ಅಂತ ಬಂದರೂ 500 ಎರರ್ ಬರಬಾರದು. ಸೆಲ್ಫ್.ಡೇಟಾ ಖಾಲಿ ಇದ್ದು ಹಳೆಯ ಸದಸ್ಯರ ವಿವರ ತಿದ್ದುತ್ತಿದ್ದರೆ, ಆ ಇನ್‌ಸ್ಟೆನ್ಸ್‌ನ ಹೋಬಳಿ ಯಾವ ತಾಲ್ಲೂಕಿನದೋ ಅದಕ್ಕೆ ಫಿಲ್ಟರ್ ಮಾಡಿ. ಈ ಎರಡನೇ ಭಾಗ ಬಿಟ್ಟರೆ ಎಡಿಟ್ ಪೇಜ್‌ನಲ್ಲಿ ಹೋಬಳಿ ಖಾಲಿ ಕಾಣುತ್ತದೆ, ಯಾರೂ ತಕ್ಷಣ ಗಮನಿಸುವುದಿಲ್ಲ.

ಬೈಟು_ಕಾಫಿ:
ನಡುವೆ ಒಂದು ಪ್ರಶ್ನೆ. ಹೋಬಳಿ ಆರಿಸಿದ ತಕ್ಷಣ ಅಲ್ಲಿನ ಸಂಗ್ರಹ ಕೇಂದ್ರ ಯಾವುದು ಅಂತ ಪಕ್ಕದಲ್ಲಿ ತೋರಿಸಬೇಕಾದರೆ? ವ್ಯಾಲ್ಯೂ ಒಳಗೆ ಜೇಸನ್ ತುಂಬಿದರೆ ನಡೆಯುತ್ತಾ?

ಹಳೇ_ಸರ್ವರ್:
ಬೇಡ. ವ್ಯಾಲ್ಯೂ ಬರೀ ಐಡಿಯಾಗಿರಲಿ. ಜೇಸನ್ ತುಂಬಿದರೆ ಮತ್ತೆ ಬಿಚ್ಚಬೇಕು, ನಂಬುವ ಹಾಗೂ ಇಲ್ಲ. ಸೆಲೆಕ್ಟ್ ವಿಜೆಟ್‌ನ ಕ್ರಿಯೇಟ್_ಆಪ್ಷನ್ ಮೆಥಡ್ ಓವರ್‌ರೈಡ್ ಮಾಡಿ, ಆಪ್ಷನ್‌ಗೆ ಡೇಟಾ ಆಟ್ರಿಬ್ಯೂಟ್ ಸೇರಿಸಿ. ಜ್ಯಾಂಗೋ 3.1ರಿಂದ ಅಲ್ಲಿಗೆ ಬರುವ ವ್ಯಾಲ್ಯೂಗೆ .ಇನ್‌ಸ್ಟೆನ್ಸ್ ಅಂತ ಇದೆ, ಅದೇ ನಿಮ್ಮ ಆಬ್ಜೆಕ್ಟ್. ಮೊದಲ ‘---------’ ಸಾಲಿಗೆ ಇನ್‌ಸ್ಟೆನ್ಸ್ ಇರುವುದಿಲ್ಲ, ಇಫ್ ವ್ಯಾಲ್ಯೂ ಅಂತ ಪರೀಕ್ಷಿಸಿಕೊಳ್ಳಿ.

ಕೊಬ್ಬರಿ_ಕೋಡು:
ಸಬ್ಮಿಟ್ ಆಯ್ತು, ಎಡಿಟ್ ಕೂಡ ಸರಿ. ಅಡ್ಮಿನ್‌ನಲ್ಲೂ ಇದೇ ಮೂರು ಹಂತ ಮಾಡಬೇಕಾ?

ಹಳೇ_ಸರ್ವರ್:
ಅಷ್ಟು ಕಷ್ಟ ಯಾಕೆ? ಸದಸ್ಯರ ಅಡ್ಮಿನ್‌ನಲ್ಲಿ ಆಟೋಕಂಪ್ಲೀಟ್_ಫೀಲ್ಡ್ಸ್‌ಗೆ ಹೋಬಳಿ ಸೇರಿಸಿ. ಟೈಪ್ ಮಾಡಿ ಹುಡುಕಬಹುದು, ಪಟ್ಟಿಯೂ ಸ್ವಲ್ಪಸ್ವಲ್ಪವೇ ಬರುತ್ತದೆ. ಆದರೆ ಆ ಹುಡುಕಾಟದ ಫಲಿತಾಂಶ ನಿಮ್ಮ ಸಬ್‌ಕ್ಲಾಸ್‌ನ ಲೇಬಲ್ ನೋಡುವುದಿಲ್ಲ, __ಎಸ್‌ಟಿಆರ್__ ನೋಡುತ್ತದೆ. ಅಲ್ಲಿ ಬರೀ ಹೆಸರಿದ್ದರೆ ಮತ್ತೆ ಕಸಬಾ ಜಾತ್ರೆ. ಹಾಗಾಗಿ ಇಲ್ಲಿ ನನ್ನ ಮೇಲಿನ ಹಟ ಸ್ವಲ್ಪ ಸಡಿಲಿಸಬೇಕು. __ಎಸ್‌ಟಿಆರ್__ನಲ್ಲಿ ಹೋಬಳಿ ಜೊತೆ ತಾಲ್ಲೂಕಿನ ಹೆಸರು ಮಾತ್ರ ಇರಲಿ, ಹೋಬಳಿ ಅಡ್ಮಿನ್‌ನ ಗೆಟ್_ಕ್ವೆರಿಸೆಟ್‌ನಲ್ಲಿ ತಾಲ್ಲೂಕಿಗೆ ಸೆಲೆಕ್ಟ್_ರಿಲೇಟೆಡ್ ಹಾಕಿ. ಅದೇ ಅಡ್ಮಿನ್‌ನಲ್ಲಿ ಸರ್ಚ್_ಫೀಲ್ಡ್ಸ್ ಕೂಡ ಬರೆಯಿರಿ, ತಾಲ್ಲೂಕಿನ ಹೆಸರನ್ನೂ ಸೇರಿಸಿ. ಸರ್ಚ್_ಫೀಲ್ಡ್ಸ್ ಇಲ್ಲದಿದ್ದರೆ ಸಿಸ್ಟಮ್ ಚೆಕ್‌ನಲ್ಲೇ ಎರರ್ ಬಂದು ಸರ್ವರ್ ಶುರುವಾಗುವುದಿಲ್ಲ.