ಭಾನುವಾರದ ಪ್ರಶ್ನೋತ್ತರ: ಬಾಗಿಲವರೆಗೆ ಹೋಗಿ ವಾಪಸ್ ಬರುವವರು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ 5ರಿಂದ 7ರವರೆಗೆ ನಮ್ಮ ಜೊತೆ ಒಬ್ಬ ಮನೋವೈದ್ಯೆ ಇರುತ್ತಾರೆ. ವಿಷಯ ಇಷ್ಟೇ: ಮೇಲಿನವರ ಕಾಟದಲ್ಲೇ ಕೆಲಸ ಮಾಡುತ್ತಾ, ಸೇಲ್ಸ್‌ನವರು ಕಳೆದುಕೊಂಡ ಧೈರ್ಯವನ್ನು ವಾಪಸ್ ತಂದುಕೊಳ್ಳುವುದು ಹೇಗೆ. ಕಂಪನಿ ಹೆಸರು, ಮ್ಯಾನೇಜರ್ ಹೆಸರು ಬರೆಯಬೇಡಿ. ಫಾರ್ವರ್ಡ್ ಬೇಡ. ಹೋದ ಸಲದ ಹಾಗೆ ಜಗಳವೂ ಬೇಡ.

ಡಾಕ್ಟರ್: ನಮಸ್ಕಾರ. ಇಲ್ಲಿ ಮಾತ್ರೆ ಬರೆದುಕೊಡುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ದಿನಾ ನಾಲ್ಕೈದು ಜನ ಎಂ.ಆರ್.ಗಳು, ಅಂದರೆ ಔಷಧ ಕಂಪನಿಯ ಪ್ರತಿನಿಧಿಗಳು, ಬ್ಯಾಗು ಹಿಡಿದು ಕೂತಿರುತ್ತಾರೆ. ಹಾಗಾಗಿ ನಿಮ್ಮ ಲೋಕ ಸ್ವಲ್ಪ ಗೊತ್ತು. ಕೇಳಿ.

ಸೀರೆ ಕೌಂಟರ್: ಮೈಸೂರಿನ ಸೀರೆ ಶೋರೂಂನಲ್ಲಿ ಆರು ವರ್ಷದಿಂದ ಇದ್ದೇನೆ. ಹೊಸ ಫ್ಲೋರ್ ಮ್ಯಾನೇಜರ್ ಗಿರಾಕಿಗಳ ಎದುರೇ ಬೈಯುತ್ತಾರೆ. "ನಲವತ್ತು ಸೀರೆ ಬಿಚ್ಚಿ ಹಾಕಿದೆ, ಒಂದೂ ಮಾರಲಿಲ್ಲ" ಅಂತ. ಆಮೇಲೆ ಮುಂದಿನ ಗಿರಾಕಿ ಬಂದರೆ ದನಿಯೇ ಹೊರಡುವುದಿಲ್ಲ. ಸುಮ್ನೆ ಸೀರೆ ಮಡಚುತ್ತಾ ನಿಲ್ಲುತ್ತೇನೆ. ನನಗೆ ಮಾರುವುದೇ ಮರೆತುಹೋಯಿತಾ ಮೇಡಂ?

ಡಾಕ್ಟರ್: ಮರೆತಿಲ್ಲ. ನೀವು ಸೀರೆ ತೋರಿಸುವುದು ಗಿರಾಕಿಗೆ, ಕಿವಿ ಇರುವುದು ಹಿಂದೆ ನಿಂತವರ ಕಡೆ. ಹಾಗಿದ್ದಾಗ ಯಾರಿಗೂ ದನಿ ಹೊರಡುವುದಿಲ್ಲ. ನಾಳೆ ಗಿರಾಕಿ ಕೂತ ತಕ್ಷಣ ಸೀರೆ ಬಿಚ್ಚಬೇಡಿ. ಯಾರಿಗೆ, ಯಾವ ಫಂಕ್ಷನ್‌ಗೆ ಅಂತ ಕೇಳಿ. ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ. ಅವರು ಮಾತಾಡುವಷ್ಟರಲ್ಲಿ ನಿಮ್ಮ ಉಸಿರು ಹದಕ್ಕೆ ಬರುತ್ತದೆ. ಇನ್ನು ಮ್ಯಾನೇಜರ್‌ಗೆ ಬೆಳಿಗ್ಗೆ ಒಬ್ಬರೇ ಇದ್ದಾಗ ಹೇಳಿ: "ಸರ್, ತಪ್ಪಿದ್ದರೆ ಗಿರಾಕಿ ಹೋದ ಮೇಲೆ ಹೇಳಿ. ಎದುರಿಗೇ ಹೇಳಿದರೆ ಅವರೂ ಎದ್ದು ಹೋಗುತ್ತಾರೆ." ನಿಮ್ಮ ಮಾನದ ಮಾತು ಅವರಿಗೆ ತಟ್ಟದಿರಬಹುದು. ವ್ಯಾಪಾರದ ಮಾತು ತಟ್ಟುತ್ತದೆ.

ಸೀರೆ ಕೌಂಟರ್: ಹೇಳಿ ನೋಡುತ್ತೇನೆ ಮೇಡಂ. ಭಯ ಆಗುತ್ತದೆ.

ತುಮಕೂರು ಲೋಕಲ್: ಕಾನ್ಫಿಡೆನ್ಸ್ ಜಾಸ್ತಿ ಮಾಡಿಕೊಳ್ಳಲು ಟಿಪ್ಸ್ ಕೊಡಿ ಮೇಡಂ.

ಡಾಕ್ಟರ್: ಏನು ಮಾರುತ್ತೀರಿ, ಎಲ್ಲಿ ತಡವರಿಸುತ್ತೀರಿ, ಬರೆಯಿರಿ.

ಶುಭೋದಯ ಗೆಳೆಯ: ಎಲ್ಲರೂ ಓದಿ, ಹತ್ತು ಜನರಿಗೆ ಕಳಿಸಿ. ಬೆಳಿಗ್ಗೆ ಕನ್ನಡಿ ಮುಂದೆ ನಿಂತು 21 ದಿನ "ನಾನು ಹುಲಿ, ನಾನು ನಂಬರ್ ಒನ್" ಅಂತ ನೂರು ಸಲ ಹೇಳಿದರೆ ಮಿದುಳಿನ ನರಗಳು ಬದಲಾಗುತ್ತವೆ. ಮೀಟಿಂಗ್ ಭಯ ಇದ್ದವರು ಒಳಗೆ ಹೋಗುವ ಅರ್ಧ ಗಂಟೆ ಮೊದಲು ಎದೆಬಡಿತ ಇಳಿಸುವ ಪ್ರೊಪ್ರನಲಾಲ್ ಮಾತ್ರೆ ತೆಗೆದುಕೊಂಡರೆ ಕೈ ನಡುಗುವುದಿಲ್ಲ. ಸೈಡ್ ಎಫೆಕ್ಟ್ ಇಲ್ಲ.

ಡಾಕ್ಟರ್: ಹುಲಿಯಿಂದ ತೊಂದರೆ ಇಲ್ಲ. ಹೇಳಿಕೊಳ್ಳಿ. ಆದರೆ ಒಳಗೊಳಗೇ "ನಾನು ಯಾತಕ್ಕೂ ಬಾರದವನು" ಅನ್ನಿಸುತ್ತಿರುವವನಿಗೆ ಅದೇ ಮಾತು ಅಣಕಿಸಿದ ಹಾಗೆ ಕೇಳುತ್ತದೆ.

ಮಾತ್ರೆಯ ಸಾಲು ಮಾತ್ರ ಅಪಾಯ. ಆಸ್ತಮಾ ಇದ್ದವರು ಪ್ರೊಪ್ರನಲಾಲ್ ನುಂಗಿದರೆ ಉಸಿರಾಟದ ನಾಳಗಳು ಬಿಗಿಯುತ್ತವೆ, ಜೀವಕ್ಕೇ ಕುತ್ತು ಬರಬಹುದು. ನಾಡಿ ಬಡಿತ ಮೊದಲೇ ನಿಧಾನ ಇರುವವರಿಗೆ ಇನ್ನೂ ನಿಧಾನವಾಗುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಶುಗರ್ ಇಳಿದಾಗ ಆಗುವ ನಡುಕ, ಎದೆಬಡಿತ ಗೊತ್ತೇ ಆಗದೆ ಹೋಗಬಹುದು. "ಸೈಡ್ ಎಫೆಕ್ಟ್ ಇಲ್ಲ" ಅಂತ ಬರೆದವರು ಯಾರು? ಅಡ್ಮಿನ್, ಇದನ್ನು ಅಳಿಸಿ.

ಶುಭೋದಯ ಗೆಳೆಯ: ನನಗೆ ಬಂದದ್ದನ್ನು ಕಳಿಸಿದೆ ಅಷ್ಟೇ. ಇಷ್ಟು ಕೋಪ ಯಾಕೆ?

ಬ್ಯಾಂಕ್ ಹಾಲ್: ನನ್ನದು ಬೇರೆ ಥರ. ಬ್ಯಾಂಕಿನಲ್ಲಿ ಇದ್ದೇನೆ. ಎಫ್‌ಡಿ ಮಾಡಿಸಲು ಬಂದ ಅಜ್ಜಿಗೆ ಇನ್ಶೂರೆನ್ಸ್ ಪಾಲಿಸಿ ಮಾಡಿಸಬೇಕಾಯಿತು. ಮ್ಯಾನೇಜರ್ ಪಕ್ಕದಲ್ಲೇ ಕೂತಿದ್ದರು. ಅವತ್ತಿನಿಂದ ಯಾರಿಗೂ ಏನನ್ನೂ ಮಾರಲು ಮನಸ್ಸು ಬರುತ್ತಿಲ್ಲ. ಇದು ಕಾನ್ಫಿಡೆನ್ಸ್ ಸಮಸ್ಯೆಯಾ?

ಡಾಕ್ಟರ್: ಅಲ್ಲ. ಇದು ಮನಸ್ಸಾಕ್ಷಿ. ಇದಕ್ಕೆ ಚಿಕಿತ್ಸೆ ಬೇಡ. ಅಜ್ಜಿಯ ಫೋನ್ ನಂಬರ್ ಇದೆಯಾ?

ಕೆಂಪು ಪೆನ್: ಪಾಲಿಸಿ ಕೈಗೆ ಬಂದು 30 ದಿನದೊಳಗಿದ್ದರೆ ಅಜ್ಜಿ ಅದನ್ನು ರದ್ದು ಮಾಡಿಸಬಹುದು. ಫ್ರೀ ಲುಕ್ ಅನ್ನುತ್ತಾರೆ. ಸ್ವಲ್ಪ ಕಡಿತ ಮಾಡಿ ಹಣ ವಾಪಸ್ ಕೊಡುತ್ತಾರೆ. ಮೊದಲು ಅದನ್ನು ಹೇಳಿ ಬನ್ನಿ.

ಬ್ಯಾಂಕ್ ಹಾಲ್: ಹೇಳಿದರೆ ನನ್ನ ಕೆಲಸ ಹೋಗುತ್ತದೆ ಅಲ್ವಾ?

ಬ್ಯಾಗು ಬೈಕು: ನಮಸ್ಕಾರ ರೀ ಮೇಡಂ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಎಂ.ಆರ್. ಆಗಿ 11 ವರ್ಷ. ಹುಬ್ಬಳ್ಳಿ ಹೆಡ್‌ಕ್ವಾರ್ಟರ್, ಗದಗ, ಹಾವೇರಿ, ಶಿರಸಿ ಕಡೆ ಓಡಾಟ. ಮೊದಲ ಒಂಬತ್ತು ವರ್ಷ ಚೆನ್ನಾಗಿಯೇ ಇದ್ದೆ, ಎರಡು ಸಲ ಇನ್ಸೆಂಟಿವ್‌ನಲ್ಲಿ ಬೈಕ್ ಬದಲಾಯಿಸಿದೆ. ಆಮೇಲೆ ಹೊಸ ಏರಿಯಾ ಮ್ಯಾನೇಜರ್ ಬಂದರು. ಬೆಳಿಗ್ಗೆ ಎಂಟೂವರೆಗೆ ಮೊದಲ ಡಾಕ್ಟರ್ ಬಾಗಿಲಲ್ಲಿ ನಿಂತು ಲೈವ್ ಲೊಕೇಶನ್ ಹಾಕಬೇಕು. ರಾತ್ರಿ ಹತ್ತಕ್ಕೆ ಕಾನ್ಫರೆನ್ಸ್ ಕಾಲ್. ಕೊನೆಯ ಐದು ಹೆಸರು ಓದಿ "ಇವರಿಗೆ ಚಪ್ಪಾಳೆ" ಅನ್ನುತ್ತಾರೆ. ಜಾಯಿಂಟ್ ವರ್ಕ್‌ಗೆ ಬಂದಾಗ ನಾನು ಎರಡು ಮಾತು ಆಡುವಷ್ಟರಲ್ಲಿ ಡಾಕ್ಟರ್ ಎದುರೇ ಬಾಯಿ ಹಾಕಿ "ಇವನಿಗೆ ಹೇಳಲು ಬರುವುದಿಲ್ಲ ಸರ್, ನಾನು ಹೇಳುತ್ತೇನೆ" ಅಂದರು. ಆ ಡಾಕ್ಟರ್ ನನಗೆ ಒಂಬತ್ತು ವರ್ಷದ ಪರಿಚಯ.

ಈಗ ಕ್ಲಿನಿಕ್ ಬಾಗಿಲವರೆಗೆ ಹೋಗುತ್ತೇನೆ, ಕೈ ಬೆವರುತ್ತದೆ, ವಾಪಸ್ ಬಂದು ಚಹಾ ಅಂಗಡಿಯಲ್ಲಿ ಕೂತು ದಿನದ ಭೇಟಿಗಳ ವರದಿ, ಅಂದರೆ ಡಿಸಿಆರ್‌ನಲ್ಲಿ "ಭೇಟಿ ಆಯಿತು" ಅಂತ ಹಾಕುತ್ತೇನೆ. ತಿಂಗಳ ಕೊನೆಗೆ ಟಾರ್ಗೆಟ್ ಲೆಕ್ಕ ಮುಗಿಸುವ ಕ್ಲೋಸಿಂಗ್ ಬಂದರೆ ಸ್ಟಾಕಿಸ್ಟ್, ಅಂದರೆ ಸಗಟು ಔಷಧ ವ್ಯಾಪಾರಿ ಹತ್ತಿರ ಕೈ ಮುಗಿದು ಮಾಲು ಎತ್ತಿಸುತ್ತೇನೆ. ಮೂರು ತಿಂಗಳಿಂದ ಅದಕ್ಕೆ ನನ್ನದೇ ದುಡ್ಡು. ಹೆಂಡತಿಯ ಬಳೆ ಅಡ ಇಟ್ಟಿದ್ದೇನೆ, ಅವಳಿಗೆ ಗೊತ್ತಿಲ್ಲ. ರಾತ್ರಿ ಮೂರಕ್ಕೆ ಎಚ್ಚರ ಆಗುತ್ತದೆ. ನಾನಿಲ್ಲದಿದ್ದರೆ ಇವರಾದರೂ ನೆಮ್ಮದಿಯಿಂದ ಇರುತ್ತಾರೆ ಅನ್ನಿಸುತ್ತದೆ. ಇರಲಿ. ನನ್ನ ಪ್ರಶ್ನೆ, ಮೊದಲಿನ ಹಾಗೆ ಡಿಟೇಲಿಂಗ್, ಅಂದರೆ ಡಾಕ್ಟರ್ ಎದುರು ಔಷಧದ ವಿವರ ಹೇಳುವುದು, ಮಾಡುವ ಧೈರ್ಯ ಬರಲು ಏನು ಮಾಡಬೇಕು?

ಹಳೇ ಬೇರು: ತಮ್ಮಾ, ನಾನು 1988ರಲ್ಲಿ ಇದೇ ಏರಿಯಾ ಕೆಲಸ ಮಾಡಿದವನು. ರಾಣೆಬೆನ್ನೂರು, ಹಾನಗಲ್ಲು ಎಲ್ಲಾ ಬಸ್ಸಿನಲ್ಲಿ. ನಮ್ಮ ಮ್ಯಾನೇಜರ್ ಬ್ಯಾಗು ಎತ್ತಿ ಎಸೆಯುತ್ತಿದ್ದರು. ಬೈಸಿಕೊಂಡೇ ಬೆಳೆದೆವು. ಈಗಿನವರು ತುಂಬಾ ಮೆತ್ತಗೆ.

ಕೆಂಪು ಪೆನ್: ಹಿರಿಯರೇ, ನಿಮಗೆ ಬೈಯಬೇಕಾದರೆ ಮ್ಯಾನೇಜರ್ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಲೈನ್ ಸಿಗುವಷ್ಟರಲ್ಲಿ ಅವರ ಕೋಪವೇ ಆರುತ್ತಿತ್ತು. ಈಗ ಬೈಗುಳ ಜೇಬಿನಲ್ಲೇ ಇದೆ.

ಡಾಕ್ಟರ್: ಇಬ್ಬರೂ ಸ್ವಲ್ಪ ನಿಲ್ಲಿಸಿ. ಬ್ಯಾಗು ಬೈಕು ಅವರೇ, "ಇರಲಿ" ಅಂತ ದಾಟಿಸಿದಿರಲ್ಲ, ನಾನು ಅಲ್ಲೇ ನಿಂತಿದ್ದೇನೆ. ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳಿ. ಸಾಯಬೇಕು ಅನ್ನಿಸಿದೆಯಾ? ಹೇಗೆ ಅಂತ ಯೋಚಿಸಿದ್ದೀರಾ? ಈಗ ಮನೆಯಲ್ಲಿ ಜೊತೆಗೆ ಯಾರಿದ್ದಾರೆ? ಉತ್ತರ ಇಲ್ಲಿ ಬರೆಯಲು ಆಗದಿದ್ದರೆ ನನಗೊಬ್ಬಳಿಗೇ ಮೆಸೇಜ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಫೋನ್ ಮಾಡಬಹುದು. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ತುಮಕೂರು ಲೋಕಲ್: ಮೇಡಂ, ನಾನು ವಾಟರ್ ಫಿಲ್ಟರ್ ಮಾರುತ್ತೇನೆ. ಟಿಪ್ಸ್ ಕೊಡಿ.

ಮಧ್ಯದವನು: ಒಂದು ಮಾತು. ನಾನೂ ಏರಿಯಾ ಮ್ಯಾನೇಜರೇ. ಎಲ್ಲರೂ ನಮ್ಮನ್ನೇ ರಾಕ್ಷಸ ಮಾಡುತ್ತೀರಿ. ರಾತ್ರಿ ಹತ್ತಕ್ಕೆ ನಾನು ಹುಡುಗರಿಗೆ ಕಾಲ್ ಮಾಡುತ್ತೇನೆ, ಹನ್ನೊಂದಕ್ಕೆ ನನಗೆ ಮೇಲಿನವರು ಮಾಡುತ್ತಾರೆ. ನನ್ನ ಹೆಸರನ್ನೂ ಓದುತ್ತಾರೆ.

ಕೆಂಪು ಪೆನ್: ನಿಮಗೆ ಬಿದ್ದ ಏಟನ್ನು ಕೆಳಗೆ ದಾಟಿಸುವುದಕ್ಕೆ ಸಂಬಳ ಕೊಡುತ್ತಾರಾ? ಲೊಕೇಶನ್ ನೋಡಿ ನೋಡಿ ನಿಮ್ಮ ಹುಡುಗರು ಎಷ್ಟು ಪ್ರಿಸ್ಕ್ರಿಪ್ಷನ್ ತಂದರು, ಹೇಳಿ.

ಮಧ್ಯದವನು: ಯೂನಿಯನ್ ಭಾಷಣ ಬೇರೆ, ಕ್ಲೋಸಿಂಗ್ ಬೇರೆ. ಬಂದು ಒಂದು ತಿಂಗಳು ಮಾಡಿ ತೋರಿಸಿ.

ಹಳೇ ಬೇರು: ಸರಿಯಾಗಿ ಹೇಳಿದಿರಿ.

ಡಾಕ್ಟರ್: ಬ್ಯಾಗು ಬೈಕು ಅವರು ನನಗೆ ಮೆಸೇಜ್ ಮಾಡಿದ್ದಾರೆ. ಮಾತಾಡಿದೆವು. ಅದನ್ನು ಇಲ್ಲಿ ಬರೆಯುವುದಿಲ್ಲ. ಅವರ ಪ್ರಶ್ನೆಗೆ ಉತ್ತರ ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ. ಬೇರೆಯವರಿಗೂ ಬೇಕಾಗುತ್ತದೆ, ಹಾಗಾಗಿ ಪೂರ್ತಿ ಬರೆಯುತ್ತೇನೆ.

ಮೊದಲು ಮನೆ. ಇವತ್ತೇ ಹೆಂಡತಿಗೆ ಬಳೆಯ ವಿಷಯ ಹೇಳಿ. ಬೈಯುತ್ತಾರೆ. ಬೈಯಲಿ. ಆ ಬೈಗುಳ ಮೂರು ದಿನದ್ದು, ಈ ಗುಟ್ಟು ದಿನಾ ರಾತ್ರಿ ಮೂರಕ್ಕೆ ಎಬ್ಬಿಸುತ್ತದೆ. ಮನೆಯಲ್ಲಿರುವ ಸ್ಯಾಂಪಲ್ ಬ್ಯಾಗು, ಮಾತ್ರೆಗಳ ಪೆಟ್ಟಿಗೆ ಕೆಲವು ದಿನ ನಿಮ್ಮ ಅಣ್ಣನ ಮನೆಯಲ್ಲಿರಲಿ. ಯಾಕೆ ಅಂತ ನಿಮಗೆ ಗೊತ್ತು. ನಾಳೆ ಧಾರವಾಡದ ಡಿಮ್ಹಾನ್ಸ್‌ಗೆ ಹೋಗಿ. ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ, ನಿಮ್ಮ ಊರಿನಿಂದ ಅರ್ಧ ಗಂಟೆಯ ದಾರಿ. ನಸುಕಿನಲ್ಲಿ ಎಚ್ಚರ ಆಗುವುದು, ನಾನು ಹೊರೆ ಅನ್ನಿಸುವುದು ಖಿನ್ನತೆಯ ಲಕ್ಷಣ ಇರಬಹುದು. ಅದನ್ನು ಎದುರಿಗೆ ಕೂತು ನೋಡಬೇಕು. ಒಬ್ಬರೇ ಹೋಗಬೇಡಿ.

ಎರಡನೆಯದು ದುಡ್ಡು. ಈ ತಿಂಗಳು ಕೈಯಿಂದ ಒಂದು ರೂಪಾಯಿಯೂ ಹಾಕಬೇಡಿ. ಟಾರ್ಗೆಟ್ ಬೀಳಲಿ. ಇಷ್ಟು ದಿನ ನಿಮ್ಮ ದುಡ್ಡಿನಿಂದ ತುಂಬಿದ ಅಂಕಿ ನೋಡಿ ಮ್ಯಾನೇಜರ್ ಮುಂದಿನ ಟಾರ್ಗೆಟ್ ಏರಿಸಿದರು. ಮಾರಿದ್ದು ನೀವಲ್ಲ, ಬಳೆ. ಅದಕ್ಕೇ ಮಾರಿದ ಖುಷಿಯೂ ಸಿಗಲಿಲ್ಲ. ಸ್ಟಾಕಿಸ್ಟ್ ಬಿಲ್ಲು, ಯುಪಿಐ ರಸೀದಿ ಎಲ್ಲಾ ತೆಗೆದಿಟ್ಟುಕೊಳ್ಳಿ.

ಈಗ ಬಾಗಿಲು. ಭಯ ಹುಟ್ಟಿಸಿದ್ದು ಮ್ಯಾನೇಜರ್. ಆದರೆ ಅದಕ್ಕೆ ದಿನಾ ಹಾಲೆರೆಯುತ್ತಿರುವುದು ಆ ಚಹಾ ಅಂಗಡಿ. ಬಾಗಿಲಿಂದ ವಾಪಸ್ ತಿರುಗಿದಾಗ ಹಾಯೆನ್ನಿಸುತ್ತದಲ್ಲ, ಆ ಸುಖಕ್ಕೆ ಮನಸ್ಸು "ಒಳಗೆ ನಿಜಕ್ಕೂ ಅಪಾಯ ಇತ್ತು" ಅಂತ ಕಲಿಯುತ್ತದೆ. ನಾಳೆ ಬಾಗಿಲು ಇನ್ನೂ ದೂರ ಅನ್ನಿಸುತ್ತದೆ. ಹಾಗಾಗಿ ಕಷ್ಟದ ಬಾಗಿಲಿನಿಂದ ಶುರು ಮಾಡಬೇಡಿ. ಹಳೇ ಪರಿಚಯದ ಎರಡು ಮೆಡಿಕಲ್ ಶಾಪ್‌ಗೆ ಹೋಗಿ. ಆರ್ಡರ್ ಕೇಳಬೇಡಿ. ಯಾವ ಮಾಲು ಓಡುತ್ತಿದೆ, ಎಕ್ಸ್‌ಪೈರಿ ಎಷ್ಟಿದೆ ಅಂತಷ್ಟೇ ಕೇಳಿ. ಆಮೇಲೆ ಒಳ್ಳೆಯ ಮಾತಾಡುವ ಒಬ್ಬ ಡಾಕ್ಟರ್, ಒಂದೇ ಪ್ರಾಡಕ್ಟ್. ಕೈ ಬೆವರಲಿ, ಬೆವರುತ್ತಲೇ ಒಳಗೆ ಹೋಗಿ. ಹೋಗುವ ಮೊದಲು ಒಂದು ಚೀಟಿಯಲ್ಲಿ "ಹೀಗಾಗಬಹುದು" ಅಂತ ಬರೆಯಿರಿ, ಹೊರಗೆ ಬಂದ ಮೇಲೆ "ಹೀಗಾಯಿತು" ಅಂತ ಬರೆಯಿರಿ. ಎರಡು ವಾರ ಆದ ಮೇಲೆ ಆ ಚೀಟಿಗಳನ್ನು ಒಟ್ಟಿಗೆ ಇಟ್ಟು ನೋಡಿ. ನಿಮ್ಮ ಒಂಬತ್ತು ವರ್ಷದ ಡಾಕ್ಟರ್ ಕೊನೆಗೆ. ಅವರ ಬಾಗಿಲಲ್ಲಿ ಅವಮಾನ ಆಗಿದೆ, ಅದು ಬೇಗ ಮಾಯುವುದಿಲ್ಲ.

ಡಿಸಿಆರ್‌ನಲ್ಲಿ ಸುಳ್ಳು ಹಾಕುವುದು ನಿಲ್ಲಿಸಿ. ಅದು ಮ್ಯಾನೇಜರ್ ಕೈಗೆ ನೀವೇ ಕೊಡುವ ದೊಣ್ಣೆ.

ಮೇಜಿನ ಈಚೆ ಕೂತವಳಾಗಿ ಒಂದು ಹೇಳಲೇ? ಔಷಧ ಕಂಪನಿಗಳ ಮಾರಾಟಕ್ಕೆ 2024ರ ಸಂಹಿತೆ ಬಂದ ಮೇಲೆ ನಮಗೆ ಕಂಪನಿಯವರು ಉಡುಗೊರೆ ಕೊಡುವಂತಿಲ್ಲ. ಒಳ್ಳೆಯದೇ ಆಯಿತು. ಉಳಿದದ್ದು ಮಾತು. ನನಗೆ ಪಟಪಟ ಮಾತಾಡುವವರ ನೆನಪು ಇರುವುದಿಲ್ಲ. "ಇದು ಗೊತ್ತಿಲ್ಲ ಮೇಡಂ, ಕೇಳಿಕೊಂಡು ಬರುತ್ತೇನೆ" ಅಂದು, ಮುಂದಿನ ವಾರ ನಿಜವಾಗಿಯೂ ಕೇಳಿಕೊಂಡು ಬರುವ ಹುಡುಗನ ನೆನಪು ಇರುತ್ತದೆ. ಹಿಂದೆ ನಿಂತ ಮ್ಯಾನೇಜರ್ ಬಾಯಿ ಹಾಕಿದಾಗ ನಮಗೆ ಸಣ್ಣದಾಗಿ ಕಾಣುವುದು ಆ ಹುಡುಗ ಅಲ್ಲ. ನಿಮ್ಮ ಡಾಕ್ಟರಿಗೂ ಹಾಗೇ ಕಂಡಿರಬಹುದು, ಹೋಗಿ ನೋಡಿ.

ಕೆಂಪು ಪೆನ್: ಮೇಡಂ ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. ಸೇಲ್ಸ್ ಪ್ರಮೋಷನ್ ನೌಕರರಿಗೆ 1976ರಲ್ಲೇ ಕಾಯ್ದೆ ಬಂದಿತ್ತು. ಈಗ ಅದನ್ನು ಹೊಸ ಕಾರ್ಮಿಕ ಸಂಹಿತೆಗೆ ಸೇರಿಸಿದ್ದಾರೆ. ಎಫ್‌ಎಂಆರ್‌ಎಐ ಅಂತ ಎಂ.ಆರ್.ಗಳ ಅಖಿಲ ಭಾರತ ಸಂಘ ಇದೆ, ಹುಬ್ಬಳ್ಳಿಯಲ್ಲಿ ಸಂಘದ ಗೆಳೆಯರು ಸಿಗುತ್ತಾರೆ. ಆ ರಸೀದಿಗಳನ್ನು ಅವರಿಗೆ ತೋರಿಸಿ.

ಹಳೇ ಬೇರು: ಸಂಘಕ್ಕೆ ಹೋದವನಿಗೆ ಬೇರೆ ಕಂಪನಿಯಲ್ಲೂ ಕೆಲಸ ಸಿಗುವುದಿಲ್ಲ, ತಿಳಿದಿರಲಿ.

ಕೆಂಪು ಪೆನ್: ಹೆದರಿಸುವ ಚಾಳಿ ನಿವೃತ್ತಿ ಆದ ಮೇಲೂ ಬಿಟ್ಟಿಲ್ಲ ನೋಡಿ.

ಹಳೇ ಬೇರು: ವಯಸ್ಸಿಗಾದರೂ ಬೆಲೆ ಕೊಡು.

ಡಾಕ್ಟರ್: ಹಳೇ ಬೇರು ಅವರೇ, ನಿಮ್ಮ ಬ್ಯಾಗು ಎಸೆದದ್ದು 1988ರಲ್ಲಿ. ಇವತ್ತಿಗೂ ಅದನ್ನೇ ಹೇಳುತ್ತಿದ್ದೀರಿ. ಅಂದರೆ ನಿಮಗೂ ಅದು ತಟ್ಟಿದೆ.

ಮಧ್ಯದವನು: ಮೇಡಂ, ನನಗೂ ನಿದ್ದೆ ಇಲ್ಲ. ನಾನೇನು ಮಾಡಲಿ?

ಡಾಕ್ಟರ್: ಇವತ್ತು ರಾತ್ರಿ ಹತ್ತಕ್ಕೆ ಕಾಲ್ ಮಾಡಬೇಡಿ. ನಾಳೆ ಬರೆಯಿರಿ, ಏನಾಯಿತು ಅಂತ. ನಿಮ್ಮದನ್ನೂ ಕೇಳುತ್ತೇನೆ.

ಸೋಡಾ ಬಾಟ್ಲಿ: ನಮ್ಮ ಆಫೀಸಿನಲ್ಲಿ ಎಲ್ಲರೂ ಆತಂಕಕ್ಕೆ ಕೊಡುವ ಆಲ್ಪ್ರಜೋಲಾಮ್ ಮಾತ್ರೆ ಇಟ್ಟುಕೊಂಡಿರುತ್ತಾರೆ. ಕ್ಲೋಸಿಂಗ್ ದಿನ ಒಂದು, ರಾತ್ರಿ ಎರಡು ಪೆಗ್ ಜೊತೆ ಒಂದು. ತೊಂದರೆ ಏನಿದೆ?

ಡಾಕ್ಟರ್: ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ಬೈಕ್ ಓಡಿಸಬೇಡಿ. ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ದಿಢೀರ್ ಅಂತಲೂ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ನಿಮ್ಮ ಊರಿನ ಡಾಕ್ಟರನ್ನು ಈ ವಾರವೇ ಕಾಣಿ. ಇದು ಎರಡನೇ ಸಲ ಮಾತ್ರೆಯ ಮಾತು. ಇನ್ನು ಉತ್ತರ ಇಲ್ಲ.

ಶುಭೋದಯ ಗೆಳೆಯ: ಹಾಗಾದರೆ ಅಶ್ವಗಂಧ ಆಗಬಹುದಾ?

ಕಾಲ್ ಸೆಂಟರ್ ಕಿಟಕಿ: ಮೇಡಂ, ಕೆಲಸ ಬಿಡುವುದು ಸೋಲು ಅಲ್ವಾ?

ಡಾಕ್ಟರ್: ಅಲ್ಲ. ಆದರೆ ಇನ್ನೊಂದು ಕೆಲಸ ಹುಡುಕಿಕೊಂಡು ಬಿಡಿ. ಇಂಟರ್‌ವ್ಯೂಗೆ ಹೋಗುವ ಮೊದಲು, ಈ ಮ್ಯಾನೇಜರ್ ಬರುವುದಕ್ಕೂ ಮುಂಚೆ ನೀವು ಮಾಡಿದ ಮೂರು ಒಳ್ಳೆಯ ಸೇಲ್ ಬರೆದುಕೊಳ್ಳಿ.

ತುಮಕೂರು ಲೋಕಲ್: ವಾಟರ್ ಫಿಲ್ಟರ್ ಅಂತ ಹೇಳಿದ್ದೆನಲ್ಲ ಮೇಡಂ.

ಬ್ಯಾಂಕ್ ಹಾಲ್: ಅಜ್ಜಿಗೆ ಫೋನ್ ಮಾಡಿದೆ. ಮಗ ಎತ್ತಿದರು. ಪಾಲಿಸಿ ಬಂದು 19 ದಿನ ಆಗಿದೆಯಂತೆ. ನಾಳೆ ಬ್ಯಾಂಕಿಗೆ ಬರುತ್ತಾರಂತೆ. ನನಗೆ ಕೈ ನಡುಗುತ್ತಿದೆ.

ಬ್ಯಾಗು ಬೈಕು: ಮೇಡಂ, ಹೇಳಿದೆ ರೀ ಅವಳಿಗೆ. ಮಾತಾಡಲಿಲ್ಲ, ಒಳಗೆ ಹೋದಳು. ಆಮೇಲೆ ಬಂದು ಕೂತಳು. ಅಣ್ಣ ಬ್ಯಾಗು ತೆಗೆದುಕೊಂಡು ಹೋಗಲು ಬರುತ್ತಿದ್ದಾನೆ.

ಡಾಕ್ಟರ್: ಅಣ್ಣ ರಾತ್ರಿ ಅಲ್ಲೇ ಉಳಿಯಲಿ. ಡಿಮ್ಹಾನ್ಸ್‌ನಲ್ಲಿ ಚೀಟಿ ಮಾಡಿಸಿದ ತಕ್ಷಣ ನನಗೆ ಒಂದು ಮೆಸೇಜ್ ಹಾಕಿ. ಬೆಳಿಗ್ಗೆ ಎಂಟೂವರೆಗೆ ಲೊಕೇಶನ್ ಕೇಳಿದರೆ "ಆಸ್ಪತ್ರೆ" ಅಂತ ಹಾಕಿ.

ಅಡ್ಮಿನ್: 7.40 ಆಯಿತು. ಕಾಮೆಂಟ್ ಮುಚ್ಚುತ್ತಿದ್ದೇನೆ. ಹಳೇ ಬೇರು, ಕೆಂಪು ಪೆನ್, ಇಬ್ಬರೂ ನನ್ನ ಇನ್‌ಬಾಕ್ಸ್‌ಗೆ ಬರಬೇಡಿ.