ಮಗ ತೊದಲ್ತಾನೆ ಅಂತ ಸ್ಕೂಲಲ್ಲಿ ಭಾಷಣದಿಂದ ಹೆಸರು ತೆಗೆದ್ರು, ಏನ್ ಮಾಡ್ಲಿ?

ದಾವಣಗೆರೆ ಅಮ್ಮ:
ಎಲ್ರಿಗೂ ನಮಸ್ಕಾರ. ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಮೂರು ಮೂರೂವರೆ ವರ್ಷದವನಿದ್ದಾಗಿಂದ ತೊದಲು ಇದೆ. ಕ, ಪ ಬಂದ್ರೆ ಬಾಯಿ ಲಾಕ್ ಆದಂಗಾಗಿ ಕಣ್ಣು ಗಟ್ಟಿ ಮುಚ್ಕೊಂಡು ತೊಡೆ ಮೇಲೆ ಕೈ ಬಡ್ಕೊಳ್ತಾನೆ, ಆಮೇಲೆ ಮಾತು ಹೊರಗೆ ಬರುತ್ತೆ. ಹಾಡು ಹೇಳುವಾಗ ಮಾತ್ರ ಏನೂ ಇಲ್ಲ. ರಾಜ್ಯೋತ್ಸವಕ್ಕೆ ಅಂತ ಭಾಷಣ ಪೂರ್ತಿ ಬಾಯಿಪಾಠ ಮಾಡಿದ್ದ, ಪಾಪ ಸ್ಟೇಜ್ ಮೇಲೆ ಮಗು ಅವಮಾನ ಪಡೋದು ಬೇಡ ಅಂತ ಮಿಸ್ಸು ಬೇರೆ ಹುಡುಗನಿಗೆ ಕೊಟ್ಬಿಟ್ರು. ಈಗ ಅಂಗಡಿಗೆ ಕಳ್ಸಿದ್ರೂ ಚೀಟಿ ಬರ್ಕೊಡಮ್ಮ ಅಂತಾನೆ. ಅತ್ತೆ ಬಜೆ ತೇಯ್ದು ನಾಲಿಗೆಗೆ ಹಚ್ತಾರೆ, ಪಕ್ಕದ ಮನೆಯವರು ನಾಲಿಗೆ ಕೆಳಗಿನ ಪೊರೆ ಕಟ್ ಮಾಡ್ಸಿ ಅಂತಾರೆ, ಫೋನಲ್ಲಿ ನೋಡಿದ್ರೆ ಹದಿನೈದು ದಿನದಲ್ಲಿ ಗ್ಯಾರಂಟಿ ಅನ್ನೋ ಜಾಹೀರಾತು. ಯಾವುದನ್ನ ನಂಬೋದು?

ನಾನೂ ತೊದಲ್ತೀನಿ, ಬೆಂಗಳೂರು:
ಅಕ್ಕ, ನಿಮ್ಮ ಮಗನ ಚೀಟಿ ವಿಷ್ಯ ಓದಿ ಹೊಟ್ಟೆ ಚುರುಕ್ ಅಂತು. ಕಾಲೇಜಲ್ಲಿ ಕಂಡಕ್ಟರ್ ಮುಂದೆ ಬನಶಂಕರಿ ಅನ್ನೋಕೆ ಆಗದೆ ಜಯನಗರಕ್ಕೆ ಟಿಕೆಟ್ ತಗೊಂಡು, ಅಲ್ಲಿಂದ ನಡ್ಕೊಂಡು ಹೋಗ್ತಿದ್ದೆ. ತೊದಲಿಗಿಂತ ಅದನ್ನ ಮುಚ್ಚಿಡೋ ಕೆಲಸಾನೇ ಜಾಸ್ತಿ ಸುಸ್ತು ಮಾಡೋದು. ಮನೇಲಿ ಇವತ್ತಿಂದಲೇ ಒಂದು ಮಾಡಿ, ಅವನು ಸಿಕ್ಕಾಕ್ಕೊಂಡಾಗ ನೀವು ಪದ ಪೂರ್ತಿ ಮಾಡ್ಬೇಡಿ, "ನಿಧಾನ", "ಉಸಿರು ತಗೋ" ಅಂತನೂ ಹೇಳ್ಬೇಡಿ, ಸುಮ್ನೆ ಅವನ ಮುಖ ನೋಡ್ಕೊಂಡು ಕಾಯಿರಿ, ಅವನು ಏನು ಹೇಳಿದ ಅನ್ನೋದಕ್ಕೆ ಉತ್ತರ ಕೊಡಿ. ದೊಡ್ಡೋನಾದ್ಮೇಲೆ ದಿ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್ನಿನವರ ಸ್ವಸಹಾಯ ಗುಂಪಿಗೆ ಹೋದೆ, ನನ್ನ ಥರಾನೇ ಮಾತಾಡೋರನ್ನ ಅಷ್ಟು ಜನ ಒಟ್ಟಿಗೆ ನೋಡಿದ್ದು ಅದೇ ಮೊದಲು. ಈಗ ಕೆಲಸದಲ್ಲಿ ದಿನಾ ಮೀಟಿಂಗು, ತೊದಲ್ಕೊಂಡೇ ಮಾತಾಡ್ತೀನಿ.

ಮೈಸೂರಿನ ಸ್ಪೀಚ್ ಥೆರಪಿಸ್ಟ್:
ಮೇಡಂ, ಮೊದಲು ಇದು ನಿಮ್ಮ ಬೆಳೆಸೋ ರೀತಿಯಿಂದ ಬಂದಿದ್ದಲ್ಲ, ಹೆದರಿಕೆಯಿಂದಲೂ ಅಲ್ಲ. ಮೆದುಳು ಮಾತನ್ನ ಜೋಡಿಸೋ ಕ್ರಮದಲ್ಲಿರೋ ವ್ಯತ್ಯಾಸ, ಎಷ್ಟೋ ಮನೆಗಳಲ್ಲಿ ವಂಶದಲ್ಲೇ ಬರುತ್ತೆ. ನಾಲಿಗೆ ಪೊರೆಯಿಂದಲೇ ಆಗಿದ್ರೆ ಹಾಡುವಾಗಲೂ ತೊಂದ್ರೆ ಇರ್ಬೇಕಿತ್ತಲ್ವಾ, ಅದಕ್ಕೆ ಕತ್ತರಿ ಹಾಕಿಸ್ಬೇಡಿ. ಬಜೆ ಹಚ್ಚಿದ್ರೂ ತೊದಲು ಹೋಗಲ್ಲ. ಚಿಕ್ಕ ಮಕ್ಕಳಲ್ಲಿ ನೂರಕ್ಕೆ ಸುಮಾರು 5 ಜನ ಯಾವಾಗಾದ್ರೂ ತೊದಲ್ತಾರೆ, ಹೆಚ್ಚಿನವರಿಗೆ ತಾನಾಗೇ ಹೋಗುತ್ತೆ, ದೊಡ್ಡವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಉಳಿಯುತ್ತೆ. ನಿಮ್ಮ ಮಗನಿಗೆ ಇಷ್ಟು ವರ್ಷ ಇದೆ ಅಂದ್ರೆ ಸ್ವಲ್ಪ ಉಳಿಯೋ ಸಾಧ್ಯತೆ ಜಾಸ್ತಿ, ಅದಕ್ಕೇ ಗ್ಯಾರಂಟಿ ಅನ್ನೋರಿಗೆ ದುಡ್ಡು ಕೊಡ್ಬೇಡಿ. ಕಣ್ಣು ಮುಚ್ಚೋದು, ಕೈ ಬಡ್ಕೊಳ್ಳೋದು ಮಾತನ್ನ ಬಲವಂತವಾಗಿ ತಳ್ಳೋ ಒದ್ದಾಟ, ಆ ಒದ್ದಾಟಾನ ಥೆರಪಿಲಿ ಖಂಡಿತ ಕಮ್ಮಿ ಮಾಡ್ಬಹುದು. ಇಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಒಮ್ಮೆ ಬಂದು ತೋರಿಸಿ, ಪದೇ ಪದೇ ಬರೋದು ಕಷ್ಟ ಅಂದ್ರೆ ವಿಡಿಯೋದಲ್ಲಿ ಥೆರಪಿ ಸಿಗುತ್ತಾ ಅಂತ ಅಲ್ಲೇ ಕೇಳಿ.

ಶಿವಮೊಗ್ಗ ಅಪ್ಪ:
ಎಲ್ಲಾ ಸರಿ, ಆದ್ರೆ ನಾಳೆ ಇಂಟರ್ವ್ಯೂನಲ್ಲಿ ಎದುರಿಗಿರೋರು ಹಿಂಗೆ ಕಾಯ್ತಾರಾ? ತೊದಲ್ಕೊಂಡೇ ಮಾತಾಡು ಅಂತ ಬಿಟ್ರೆ ಹುಡುಗನ ಭವಿಷ್ಯ ಏನು?

ನಾನೂ ತೊದಲ್ತೀನಿ, ಬೆಂಗಳೂರು:
ಸರ್, ಥೆರಪಿ ಬೇಡ ಅಂತ ನಾನೆಲ್ಲಿ ಅಂದೆ? ಕಾಯದೇ ಇರೋ ಜನ ಸಿಕ್ಕೇ ಸಿಗ್ತಾರೆ, ನಂಗೂ ಸಿಕ್ಕಿದಾರೆ. ಅಂಥ ಕಡೆ "ನಂಗೆ ತೊದಲು ಇದೆ, ಸ್ವಲ್ಪ ಟೈಮ್ ಕೊಡಿ" ಅಂತ ಮೊದಲೇ ಹೇಳೋ ಧೈರ್ಯ, ಮನೇಲಿ ಪೂರ್ತಿ ಕೇಳಿಸ್ಕೊಂಡು ಬೆಳೆದ ಮಗೂಗೆ ಬೇಗ ಬರುತ್ತೆ. ಬಾಯಿ ಮುಚ್ಕೊಂಡು ಬೆಳೆದೋನು ಇಂಟರ್ವ್ಯೂ ತನಕ ಹೋಗೋದೇ ಇಲ್ಲ.

ತಿಪಟೂರು ಟೀಚರ್:
ಅಮ್ಮ, ಆ ಮಿಸ್ಸು ಕೆಟ್ಟದ್ದು ಮಾಡ್ಬೇಕು ಅಂತ ಮಾಡಿರಲ್ಲ, ಆದ್ರೆ ಮಗೂನ ಕೇಳದೇ ತೀರ್ಮಾನ ತಗೊಂಡಿದ್ದು ಅನ್ಯಾಯ. ನೀವು ಹೋಗಿ ಜಗಳ ಇಲ್ದೆ ಮಾತಾಡಿ. ಹಾಜರಿ ಕರೆಯುವಾಗ ಅವನಿಗೆ ಬೇಕಾದ್ರೆ ಬರೀ ಕೈ ಎತ್ಲಿ, ಪಾಠ ಓದೋದಿದ್ರೆ ಪಕ್ಕದ ಹುಡುಗನ ಜೊತೆ ಒಟ್ಟಿಗೆ ಓದ್ಲಿ, ಜೊತೇಲಿ ಓದುವಾಗ ತೊದಲು ಎಷ್ಟು ಕಮ್ಮಿ ಆಗುತ್ತೆ ಅಂತ ನೀವೇ ನೋಡಿ. ಬಾಯಿ ಪರೀಕ್ಷೆಗೆ ಗಡಿಯಾರ ನೋಡೋದು ಬೇಡ ಅಂತ ಕೇಳಿ. ತೊದ್ಲ ಅಂತ ಅಡ್ಡಹೆಸರು ಕರೆಯೋರಿದ್ರೆ ಅದನ್ನ ನಿಲ್ಸೋದು ಟೀಚರ್ ಕೆಲಸ, ನಿಮ್ಮ ಮಗಂದಲ್ಲ. ಇದನ್ನೆಲ್ಲ ಕೇಳೋ ಮುಂಚೆ ಅವನಿಗೆ ಯಾವುದು ಬೇಕು ಅಂತ ಅವನನ್ನೇ ಕೇಳ್ಕೊಂಡು ಹೋಗಿ.

ದಾವಣಗೆರೆ ಅಮ್ಮ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಓದ್ತಾ ಕಣ್ಣಲ್ಲಿ ನೀರು ಬಂತು. ರಾತ್ರಿ ಅವನನ್ನೇ ಕೇಳಿದೆ, ಜನವರಿ 26ಕ್ಕೆ ಮಾತಾಡ್ತೀನಿ, ಆದ್ರೆ ಮಧ್ಯೆ ಯಾರೂ ಹೇಳ್ಕೊಡಬಾರ್ದು ಅಂದ. ಮಿಸ್ಸಿಗೆ ಹಂಗೇ ಹೇಳ್ತೀನಿ. ಮೈಸೂರಿಗೂ ಹೊರಡ್ತೀವಿ. ಅತ್ತೆಗೆ ಬಜೆ ಬೇಡ ಅಂತ ಹೇಳೋದೇ ದೊಡ್ಡ ಕಷ್ಟ, ಪ್ರೀತಿಗೇ ಮಾಡ್ತಾರೆ ಅವ್ರು.

ಮೈಸೂರಿನ ಸ್ಪೀಚ್ ಥೆರಪಿಸ್ಟ್:
ಅತ್ತೇನೂ ಜೊತೆಗೆ ಕರ್ಕೊಂಡು ಬನ್ನಿ ಮೇಡಂ. ಅಜ್ಜಿ ಮೊಮ್ಮಗ ದಿನಾ ಹತ್ತು ನಿಮಿಷ ಅವಸರ ಇಲ್ದೆ ಮಾತಾಡೋದು ಹೆಂಗೆ ಅಂತ ಅಲ್ಲೇ ಹೇಳ್ಕೊಡ್ತಾರೆ, ಅವರಿಗೂ ಮಾಡೋಕೆ ಒಂದು ಕೆಲಸ ಸಿಗುತ್ತೆ. ಮನೇಲಿ ಅವನು ಮಾತಾಡೋದನ್ನ ಫೋನಲ್ಲಿ ಐದು ನಿಮಿಷ ರೆಕಾರ್ಡ್ ಮಾಡ್ಕೊಂಡು ಬನ್ನಿ, ಆದ್ರೆ ಅವನಿಗೆ ಹೇಳಿ, ಅವನು ಒಪ್ಪಿದ್ರೆ ಮಾತ್ರ.